ಪೂರಾ ಕುಂದ್ರು

ಕಾರ್ಖಾನೆಗಳೇ ತುಂಬಿದ ಜೀಡಿಮೆಟ್ಲಾದಲ್ಲಿ ನಮ್ಮ ಪಕ್ಕದ ಖೋಲಿಯ ಕಾಕಾ ಒಂದು ಔಷಧ ಕಾರ್ಖಾನೆಯ ವಾಚ್‌ಮನ್. ಅದೇ ಕಾರ್ಖಾನೆಯ ಲ್ಯಾಬಿನ ಕೆಲಸಕ್ಕೆ ನನಗೆ ಇಂಟರ್‌ವ್ಯೂ ಬಂದಿತ್ತು. ಸಂಜೆ ಡ್ಯೂಟಿ ಮುಗಿಸಿ ಬಂದವರು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ನನ್ನ ತಾಲೀಮಿಗೆಂದು ಇಂಟರ್‌ವ್ಯೂ ಮಾಡುವ ಸಾಹೇಬರಾಗುತ್ತಿದ್ದರು. ಎದುರಿನ ಪ್ಲಾಸ್ಟಿಕ್ ಕುರ್ಚಿ ನನಗೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಆ ಹೆಮ್ಮೆ ಇವತ್ತಿಗೂ ಇದೆ. ಆದರೆ ಕೆಲಸ ಕೊಡುವವರ ಮುಂದೆ ನಮ್ಮಲ್ಲಿ ಯಾರೂ ಕೂತವರಲ್ಲ. ಅಪ್ಪ ಮೇಸ್ತ್ರಿಯ ಮುಂದೆ ಕೈಕಟ್ಟಿ ನಿಲ್ಲುವುದನ್ನೇ ನೋಡಿ ಬೆಳೆದ ನಾನು ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದೆ.

"ಹಂಗ ಕುಂತ್ರ, ಎದ್ದು ಓಡಾಕ ಬಂದಾಳ ಅಂತಾರ. ಪೂರಾ ಕುಂದ್ರು," ಎನ್ನುತ್ತಿದ್ದರು ಕಾಕಾ. ನಾನು ಏನೇ ಉತ್ತರ ಕೊಡಲಿ, ಅವರದು ಅದೊಂದೇ ಮಾತು.

ಇಂಟರ್‌ವ್ಯೂ ದಿನ ಗೇಟಿನಲ್ಲಿ ಅವರೇ ಇದ್ದರು. "ಕಾಕಾ, ಅಂಜಿಕಿ ಬರಾಕತ್ತೈತಿ" ಎನ್ನುವಷ್ಟರಲ್ಲಿ ಅವರು ಗುರುತೇ ಇಲ್ಲದವರಂತೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು.

"ಆಯಿಯೇ, ಮೇಡಮ್."

ತಲೆ ಎತ್ತಿ ನಡೆಯದೆ ಬೇರೆ ದಾರಿ ಇರಲಿಲ್ಲ. ಒಳಗೆ ಬೆನ್ನು ಕುರ್ಚಿಗೆ ತಾಗುವವರೆಗೆ ಹಿಂದಕ್ಕೆ ಸರಿದು ಕೂತೆ.

ಹೊರಗೆ ಬಂದಾಗ ಗೇಟಿನಲ್ಲಿ ಕಾಕಾ ಬಿಟ್ಟು ಬೇರೆ ಯಾರೂ ಇರಲಿಲ್ಲ.

"ಏನಂದ್ರು?"

"ಫೋನ್ ಮಾಡ್ತೀವಿ ಅಂದ್ರು ಕಾಕಾ. ಹಂಗಂದ್ರ ಇಲ್ಲ ಅಂತೇನು?"

"ಅದು ನನಗೇನು ಗೊತ್ತು ಹುಡುಗಿ. ಹೆಂಗ ಕುಂತಿದ್ದಿ?"

"ಪೂರಾ."

ತಲೆಯಾಡಿಸಿ, ಅವರು ಗೇಟಿನ ಪಕ್ಕಕ್ಕೆ ಹೋಗಿ ಮತ್ತೆ ನಿಂತರು. ಅಲ್ಲಿ ಕುರ್ಚಿ ಇರಲಿಲ್ಲ.