ಒಂದು ದಿನದ ಸ್ವಾವಲಂಬನೆ

ಉಸಿರು ಸಿಕ್ಕಿಕೊಳ್ಳಬಹುದಿತ್ತು. ಕಾಲು ಊದಿ ಚಪ್ಪಲಿ ಹಿಡಿಸದೆ ಹೋಗಬಹುದಿತ್ತು. ನೀರು ಇಳಿಸುವ ಮಾತ್ರೆ ನುಂಗಿದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಇನ್ನೊಂದು ನುಂಗಿ, ಬಚ್ಚಲಲ್ಲೇ ಸಂಸಾರ ಹೂಡಬಹುದಿತ್ತು. ತಲೆ ಸುತ್ತಿ ಬೀಳುವಾಗ ಟಿ.ವಿ.ಯನ್ನೂ ಜೊತೆಗೆ ಕೆಡವಬಹುದಿತ್ತು. ಹೆಂಡತಿ ಮನೆಯಲ್ಲಿಲ್ಲದ ಒಂದೇ ಒಂದು ದಿನಕ್ಕೆ ಇಷ್ಟನ್ನೂ ನಾನು ಮೊದಲೇ ಯೋಚಿಸಿಟ್ಟಿದ್ದೆ.

"ಹೃದಯ ನಿಂತಿಲ್ಲ, ಪಂಪು ಸೋತಿದೆ ಅಷ್ಟೆ" ಎಂದು ಹಾಸನದ ಡಾಕ್ಟರು ಸಮಾಧಾನ ಹೇಳಿದ್ದರು. ನಮ್ಮ ಹೊಳೆನರಸೀಪುರದಲ್ಲಿ ಸೋತ ಪಂಪನ್ನು ಬಿಚ್ಚಿ ರಿಪೇರಿಗೆ ಒಯ್ಯುತ್ತಾರೆ. ನನ್ನದನ್ನು ಹೆಂಡತಿ ಸರಸ್ವತಿಗೆ ಒಪ್ಪಿಸಿದರು. ಮೂರು ತಿಂಗಳಿಂದ ನಾನು ಕುಡಿಯುವ ನೀರನ್ನು ಅವಳು ಅಳೆದು ಕೊಡುತ್ತಾಳೆ, ನನ್ನ ಪಾಲಿನ ಅಡುಗೆಗೆ ಉಪ್ಪು ಹಾಕುವುದಿಲ್ಲ. ಬಗ್ಗಿದರೆ ಏದುಸಿರು ಬರುವುದರಿಂದ ಕಾಲುಗುರನ್ನೂ ಅವಳೇ ಕತ್ತರಿಸುತ್ತಾಳೆ. ಬೆಳಿಗ್ಗೆ ಎದ್ದ ಕೂಡಲೇ ತೂಕ. ರಾಜರ ತುಲಾಭಾರದಲ್ಲಿ ಇನ್ನೊಂದು ತಟ್ಟೆಯಲ್ಲಿ ಚಿನ್ನವಿರುತ್ತಿತ್ತಂತೆ. ನನ್ನೆದುರು ಕ್ಯಾಲೆಂಡರು, ಪೆನ್ನು, ಅವಳ ಅನುಮಾನ.

ಅವಳ ರಜೆ ಮುಗಿದಿತ್ತು. ಹಳ್ಳಿಮೈಸೂರಿನ ಶಾಲೆಗೆ ಪಾಠಕ್ಕೆ ಹೋಗಬೇಕು, ಇಲ್ಲವೇ ಕೆಲಸ ಬಿಡಬೇಕು. "ಶುಕ್ರವಾರ ಹೋಗಿ ನೋಡ್ತೀನಿ. ನೀವು ಒಬ್ರೇ ಇರೋದು ಆಗಲ್ಲ ಅಂದ್ರೆ ರಾಜೀನಾಮೆ ಬರೆದುಕೊಡ್ತೀನಿ" ಎಂದಳು. ಅವಳ ಇಪ್ಪತ್ತು ವರ್ಷದ ಮೇಷ್ಟರಿಕೆ ನನ್ನ ಒಂದು ದಿನದ ನಡತೆಯ ಮೇಲೆ ನಿಂತಿತು.

ಉಸ್ತುವಾರಿ ಪಕ್ಕದ ಮನೆಯ ಜಯಮ್ಮನದು. ಗಂಟೆಗೊಮ್ಮೆ ಕಿಟಕಿಗೆ ಮುಖ ಒತ್ತಿ ಕೇಳುತ್ತಿದ್ದಳು:

"ಸಾ, ಇನ್ನೂ ಇದ್ದೀರಾ?"

"ಇದ್ದೀನಿ ಕಣಮ್ಮ."

"ಅಂಗಾದ್ರೆ ಸರಿ ಬುಡಿ. ಬಟ್ಟೆ ಒಗ್ದು ಬತ್ತೀನಿ, ಅಲ್ಲೀಗಂಟ ಇರಿ."

ಇದ್ದೆ. ಮಾತ್ರೆ ಒಂದೇ ನುಂಗಿದೆ. ಕುಡಿದ ನೀರು ಹೆಂಡತಿ ಬಾಟಲಿಗೆ ಎಳೆದಿಟ್ಟ ಗೆರೆ ದಾಟಲಿಲ್ಲ. ಮಧ್ಯಾಹ್ನ, ಸರಸ್ವತಿ ಇಟ್ಟುಹೋಗಿದ್ದ ಊಟದ ಡಬ್ಬಿ ತೆರೆದೆ. ಮೊದಲ ತುತ್ತಿಗೇ ಉಪ್ಪು! ಇಬ್ಬರ ಡಬ್ಬಿಯೂ ಒಂದೇ ಥರದ್ದು. ಅವಸರದಲ್ಲಿ ನನ್ನ ಸಪ್ಪೆ ಹುಳಿಯನ್ನು ಅವಳು ಶಾಲೆಗೆ ಒಯ್ದಿದ್ದಾಳೆಂದು ಆಗಲೇ ತಿಳಿಯಿತು. ತಿಳಿದ ಮೇಲೂ ಕೈ ನಿಲ್ಲಲಿಲ್ಲ. ಮಾವಿನ ಉಪ್ಪಿನಕಾಯಿಯ ಗೊರಟೆಯನ್ನೂ ಚೀಪಿದೆ.

ಸಂಜೆ ಅವಳು ಬಂದವಳೇ ಕೇಳಿದಳು: "ಏನಾದ್ರೂ ಎಡವಟ್ಟಾಯ್ತಾ?"

"ಏನೂ ಇಲ್ಲ."

ಅವಳು ಶಾಲೆಗೆ ಒಯ್ದಿದ್ದ ಡಬ್ಬಿಯ ಮುಚ್ಚಳ ತೆಗೆದಳು. ಒಂದು ತುತ್ತು ಮಾತ್ರ ಕಡಿಮೆಯಾಗಿತ್ತು. "ದಿನಾ ಇದನ್ನೇ ತಿಂತೀರೇನ್ರೀ?"

ನಾನು ತಲೆ ತಗ್ಗಿಸಿ ತಪ್ಪೊಪ್ಪಿಕೊಂಡೆ, ಗೊರಟೆಯ ಸಮೇತ. ರಾಜೀನಾಮೆಯ ಮಾತು ಬರುತ್ತದೆಂದು ಕಾದೆ. ಅವಳು ಎರಡೂ ಡಬ್ಬಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಳು.

"ನಾಳೆಯಿಂದ ದಿನಾ ಹೋಗ್ತೀನಿ. ಎರಡು ಡಬ್ಬೀಗೂ ಉಪ್ಪು ಹಾಕಲ್ಲ. ಅದಲುಬದಲಾದ್ರೂ ಭಯ ಇರಲ್ಲ."

ನನ್ನ ಹೃದಯಕ್ಕೆ ಏನೂ ಆಗಲಿಲ್ಲ. ಕೆಟ್ಟದ್ದು ಅವಳ ಊಟ.