ಒಡೆಯದ ಬಳೆ

ಮೊಮ್ಮಗಳು ಜಪಾನಿನ ಮಾಂಗಾ ಚಿತ್ರಕಥೆ ಓದುತ್ತಿದ್ದಳು. ಹಿಂದಿನ ಕಾಲದ ದೊಡ್ಡ ಮನೆಯ ಹುಡುಗಿಗೂ ತೋಟದ ಆಳಿಗೂ ಪ್ರೀತಿ. ಒಂದು ಪುಟದ ತುಂಬ ಅವನ ಕೈಯಲ್ಲಿ ಅವಳ ಕೈ. ನನಗೆ ದೇಶನೂರಿನ ನಮ್ಮ ಪಡಸಾಲೆ ಕಣ್ಣಿಗೆ ಕಟ್ಟಿತು.

ಮದುವೆಯಾಗದ ಸೋದರತ್ತೆ ಗಂಗಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಅವಳ ಕೈ ಹಿಡಿಯಬಹುದಾದ ಹೊರಗಿನ ಗಂಡಸು ಒಬ್ಬನೇ, ಸಿರುಗುಪ್ಪದಿಂದ ಬರುವ ಹರೆಯದ ಬಳೆಗಾರ. ಬಳೆ ಒಡೆದರೆ, ಹೆಣ್ಣುಮಗಳು ಬೋಳುಗೈಯಲ್ಲಿ ಇರಬಾರದೆಂದು ನನ್ನ ಅಜ್ಜಿ ಅವನಿಗೆ ಹೇಳಿಕಳಿಸುತ್ತಿದ್ದಳು. ಅವನು ಒಂದೊಂದೇ ಬಳೆಯನ್ನು ಬಹಳ ಹೊತ್ತು ಏರಿಸುತ್ತಿದ್ದ.

"ಈಕಿ ಕೈಯಾಗ ಬಳಿ ಎಂಟು ದಿನಾನೂ ನಿಲ್ಲಂಗಿಲ್ಲ" ಎಂದು ಅಜ್ಜಿ ಒಮ್ಮೆ ಗೊಣಗಿದಳು. ಆಗಿನ್ನೂ ಚಿಕ್ಕವಳಾದ ನನಗೆ ಜಾಣೆ ಅನ್ನಿಸಿಕೊಳ್ಳುವ ಚಪಲ. "ಅತ್ತಿ ತಾನಾ ಕಂಬಕ್ಕ ಬಡದು ಒಡಕೋತಾಳಬೇ" ಎಂದೆ.

ಅಜ್ಜಿ ಬೈಯಲಿಲ್ಲ. ಪೆಟ್ಟಿಗೆಯಿಂದ ತನ್ನ ಬಂಗಾರದ ಬಳೆಗಳನ್ನು ತೆಗೆದು ಅತ್ತೆಗೆ ತೊಡಿಸಿ, "ಇವು ಒಡ್ಯಂಗಿಲ್ಲ" ಎಂದಳು.

ಆಮೇಲೆ ಬೀದಿಯಲ್ಲಿ ಬಳೆಗಾರನ ಕೂಗು ಕೇಳಿದಾಗಲೆಲ್ಲ ಅತ್ತೆ ಕೈಯನ್ನು ಕಂಬಕ್ಕೆ ಬಡಿಯುತ್ತಿದ್ದಳು. ಬಂಗಾರ ನೆಗ್ಗುತ್ತಿತ್ತು, ಒಡೆಯುತ್ತಿರಲಿಲ್ಲ.

"ಕೊನೀಗೆ ಇಬ್ರೂ ಓಡಿ ಹೋಗ್ತಾರ ಅಜ್ಜಿ" ಎಂದು ಮೊಮ್ಮಗಳು ಪುಸ್ತಕ ಮಡಚಿದಳು. ನಾನು ಹೂಂ ಎಂದೆ. ಅತ್ತೆ ಸಾಯುವಾಗ ಆ ನೆಗ್ಗಿದ ಬಳೆಗಳನ್ನು ನನಗೇ ಬಿಟ್ಟುಹೋಗಿದ್ದಾಳೆ.