ನಮ್ಮ ಮಾವನ ಬೆಳೆ ಪರಿಹಾರ

ಡೊಂಬಿವಲಿಯ ಎರಡನೇ ಮಾಳಿಗೆಯ ಆ ಹಾಲ್‌ನಲ್ಲಿ ಅವತ್ತು ಐದು ಜನ ಇದ್ದೆವು. ಸೋಫಾದ ಮೇಲೆ ನನ್ನ ಸೋದರಮಾವ, ಠಾಣೆಯ ಒಂದು ಕಚೇರಿಯಲ್ಲಿ ಹೆಡ್ ಕ್ಲಾರ್ಕು. ಅಡಿಗೆಮನೆಯ ಬಾಗಿಲಿಗೆ ಒರಗಿ ಅತ್ತೆ. ಕೆಳಗಿನ ಹೋಟೆಲಿನ ಮಾಲೀಕರು, ಮಂಗಳೂರಿನ ಕಡೆಯವರು, ರವಿವಾರದ ಚಹಕ್ಕೆ ಬಂದಿದ್ದರು. ನಾನು. ಐದನೆಯವನು ಊರಿನಿಂದ ಗಾಡಿ ಹಿಡಿದು ಕಲ್ಯಾಣದಲ್ಲಿ ಇಳಿದು ಬಂದವನು. ಮಾವನ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಉಳುತ್ತಿದ್ದವನು. ಸೋಫಾ ಬೇಡವೆಂದು ನೆಲದ ಮೇಲೆ, ಹೊಸ ಎಸಿಯ ಕೆಳಗೇ ಕೂತು, ಬೇಸಿಗೆಯಲ್ಲೂ ಟವೆಲ್ ಹೊದ್ದುಕೊಂಡಿದ್ದ.

ಆ ಎಸಿ ಬಂದದ್ದು ಅವನ ಉಳ್ಳಾಗಡ್ಡಿಯಿಂದ. ಕೀಳುವ ಹೊತ್ತಿಗೆ ಮಳೆ ಹೊಡೆದು ಬೆಳೆ ಹೊಲದಲ್ಲೇ ಕೊಳೆತಿತ್ತು. ಸರಕಾರ ಪರಿಹಾರ ಕೊಟ್ಟಿತು. ಸರಕಾರದ ಕಣ್ಣಿಗೆ ಹೊಲದ ಪಹಣಿ ಉತಾರದಲ್ಲಿ ಹೆಸರಿದ್ದವನೇ ರೈತ. ಬಿತ್ತಿದವನು ಯಾರು, ಕೊಳೆತ ಗಡ್ಡೆ ಬಳಿದು ತಿಪ್ಪೆಗೆ ಹೊತ್ತವನು ಯಾರು ಎಂದು ಕೇಳುವ ಪುರುಸೊತ್ತು ಅದಕ್ಕೆಲ್ಲಿ? ಹಣ ನೇರ ಡೊಂಬಿವಲಿಯ ಬ್ಯಾಂಕಿಗೆ ಬಂದು ಬಿತ್ತು. ‘ರಾಶಿಯ ಹೊತ್ತಿಗೆ ಬರುವವನ ಚೀಲವೇ ದೊಡ್ಡದು’ ಎನ್ನುತ್ತಿದ್ದಳು ನನ್ನ ಅಜ್ಜಿ. ಹೆತ್ತ ಮಗನನ್ನು ನೋಡಿಯೇ ಹೇಳಿದ್ದಳೋ ಏನೋ.

“ಸಾವ್ಕಾರ್ರ, ಎಲ್ಲಾ ಬ್ಯಾಡ್ರಿ,” ಎಂದ ಅವನು. “ಬೀಜದ್ದಷ್ಟು ಕೊಡ್ರಿ. ಮಳಿ ಬರೂದರಾಗ ಬೀಜ ಕೈಯಾಗ ಇರಬೇಕು. ಇಲ್ಲಂದ್ರ ಈ ಸಲ ನಿಮ್ಮ ಹೊಲ ನನ್ನ ಕೈಲೆ ಆಗೂದಿಲ್ಲ.”

ಲೋಕಲ್ ರೈಲಿನಲ್ಲಿ ಕಿಟಕಿ ಸೀಟು ಸಿಕ್ಕವರಂತೆ ಮಾವ ಕಾಲು ಚಾಚಿದರು. “ಸರಕಾರ ರೈತಗ ಕೊಟ್ಟೈತಿ. ನಾ ರೈತ ಅಲ್ಲೇನೋ?”

“ಹಾಗಾದ್ರೆ ನಾನೂ ರೈತನೇ ಮಾರಾಯ್ರೆ,” ಎಂದರು ಹೋಟೆಲಿನವರು. “ದಿನಾ ಒಂದು ಗೋಣಿ ನೀರುಳ್ಳಿ ಹೆಚ್ಚಿಸ್ತೇನೆ. ನಂಗೆ ಎಸಿ ಯಾವಾಗ ಬರ್ತದೆ?”

ಮಾವ ನಗಲಿಲ್ಲ. “ವರ್ಷಾ ಎಳ್ಳಮಾಸಿಗೆ ಹೋಗಿ ಚರಗ ಚೆಲ್ಲಿ ಬರ್ತೀನ್ರಿ. ಭೂಮಿತಾಯಿಗೆ ಉಣಸಾಂವ ನಾನು!”

ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ದು, ಬೆಳೆಯ ನಡುವೆ ನಾಲ್ಕು ತುತ್ತು ಎರಚಿ, ಆಮೇಲೆ ತಾವು ಉಣ್ಣುವುದು ನಮ್ಮ ಕಡೆಯ ಪದ್ಧತಿ. ಮಾವ ಇಸ್ತ್ರಿ ಪ್ಯಾಂಟಿನಲ್ಲಿ ಹೋಗಿ, ಎರಚುವ ಫೋಟೊ ತೆಗೆಸಿಕೊಂಡು ಬರುತ್ತಿದ್ದರು.

ಅತ್ತೆಗೆ ತಡೆಯಲಾಗಲಿಲ್ಲ. “ಹೌದ ಹೌದು, ಉಣಸ್ತಾರ! ಹ್ವಾದ ಸಲ ಇಂವಾ ಬರೂದರಾಗ ತಾವ ಮುಂದ ನಡದು, ಬಾಜೂದವರ ಹೊಲದಾಗ ನಿಂತು ಅರ್ಧಾ ಬುಟ್ಟಿ ಖಾಲಿ ಮಾಡಿದ್ರು. ಆ ಮನಿ ಹೆಣಮಗಳು ಬಂದು ‘ಯಾರಪಾ ನೀ, ನಮ್ಮ ಜ್ವಾಳದಾಗ?’ ಅಂದಾಗ ಗೊತ್ತಾತು. ತನ್ನ ಹೊಲಾನ ಗುರುತಿಲ್ಲದ ರೈತ!”

ಹೋಟೆಲಿನವರು ನಕ್ಕು ಅಂಗಿಯ ಮೇಲೆ ಚಹ ಚೆಲ್ಲಿಕೊಂಡರು. ಉಳುವವನು ಮಾತ್ರ ಮಾವನ ಕೈಯನ್ನೇ ನೋಡುತ್ತಿದ್ದ. ಆ ಕೈ ರಿಮೋಟ್ ಎತ್ತಿ ಎಸಿಯನ್ನು ಇನ್ನಷ್ಟು ತಣ್ಣಗೆ ಮಾಡಿತು.

“ಮುಂದಿನ ಸಲ ನೋಡೂಣು. ರಿಕ್ಷಾಕ್ಕ ಚಿಲ್ಲರ ಇಸ್ಕೊಂಡು ಹೋಗು.”

“ಚಿಲ್ಲರ ಐತ್ರಿ,” ಎಂದು ಅವನು ಎದ್ದ. ಅತ್ತೆ ಕಟ್ಟಿಕೊಟ್ಟ ಚಪಾತಿಯನ್ನು ಮಾತ್ರ ಕಣ್ಣಿಗೊತ್ತಿಕೊಂಡು ತೆಗೆದುಕೊಂಡ.

ಇಂಥ ರೈತರನ್ನು ಆಮೇಲೆ ಕೋಪರಖೈರಣೆಯಲ್ಲೂ ಕಲ್ಯಾಣದಲ್ಲೂ ಬೇಕಾದಷ್ಟು ಕಂಡೆ. ಬಾಲ್ಕನಿಯ ಕರಿಬೇವಿಗೆ ನೀರು ಹಾಕದೆ ಒಣಗಿಸಿದವರು, ಹಣ ಜಮಾ ಆದ ಮೆಸೇಜು ಬಂದ ದಿನ ಮಾತ್ರ ಮಣ್ಣಿನ ಮಕ್ಕಳಾಗುವವರು. ಇವರಿಗಿಂತ ನಮ್ಮ ಲೋಕಲ್‌ನ ಜೇಬುಗಳ್ಳರು ವಾಸಿ; ಅವರು ಭೂಮಿತಾಯಿಯ ಹೆಸರು ಎತ್ತುವುದಿಲ್ಲ.

ಮುಂಗಾರು ಬಂತು. ಅವನು ಮಾವನ ಹೊಲ ಬಿಟ್ಟು ಬಾಜೂದವರ ಹೊಲವನ್ನೇ ಲಾವಣಿಗೆ ಹಿಡಿದ. ಬೀಜ ಅವರೇ ಕೊಟ್ಟರು. ಮಾವನ ಹೊಲ ಕೇಳುವವರಿಲ್ಲದೆ ಬೀಳು ಬಿತ್ತು.

ಎಳ್ಳಮಾವಾಸ್ಯೆಗೆ ಮಾವನ ಜೊತೆ ನಾನೂ ಹೋದೆ. ಮಾವ ಬುಟ್ಟಿ ಹಿಡಿದು ಹಸಿರಿದ್ದ ಕಡೆಗೇ ನಡೆದರು. ಅಲ್ಲಿ ಅವನು ಹೆಂಡತಿ ಮಕ್ಕಳೊಡನೆ ಉಣ್ಣಲು ಕೂತಿದ್ದ.

“ಸಾವ್ಕಾರ್ರ, ನಿಮ್ಮದು ಅದು,” ಎಂದು ಕಳೆ ಕಸ ಎದ್ದು ನಿಂತ ಹೊಲದ ಕಡೆ ಕೈ ತೋರಿಸಿದ.

ಅವನ ಹೆಂಡತಿ ಮಾವನ ಕೈಗೆ ಎರಡು ಸಜ್ಜಿ ರೊಟ್ಟಿ ಇಟ್ಟಳು. ಮಾವ ನಿಂತೇ ತಿಂದರು. ಸಂಜೆಯ ಗಾಡಿಗೆ ನಾವು ಹೊರಟೆವು.